ಮೆಲ್ಬರ್ನ್‌ನ ಈಸಿ ಸ್ಟ್ರೀಟ್ ಜೋಡಿ ಕೊಲೆ: ಬಂಧನಕ್ಕೆ ನಲವತ್ತೇಳು ವರ್ಷ ಏಕೆ ಬೇಕಾಯಿತು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಕಾಲಿಂಗ್‌ವುಡ್ ಬಡಾವಣೆಯಲ್ಲಿ 1977ರ ಜನವರಿಯಲ್ಲಿ ನಡೆದ ಜೋಡಿ ಕೊಲೆಯ ಬಗ್ಗೆ ಕೆಲವು ಸಮಯದಿಂದ ಓದುತ್ತಿದ್ದೇನೆ. ಇಷ್ಟು ಓದಿದ ಮೇಲೂ ಕೆಲವು ಸಂಗತಿಗಳು ತಲೆಗೆ ಹತ್ತುತ್ತಿಲ್ಲ. ತಿಳಿದವರು ಬಿಡಿಸಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಗೊತ್ತಿಲ್ಲದವರಿಗಾಗಿ ಪ್ರಕರಣವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸುಜಾನ್ ಆರ್ಮ್‌ಸ್ಟ್ರಾಂಗ್ ಅವರಿಗೆ ಆಗ 27 ವರ್ಷ, ಸೂಸನ್ ಬಾರ್ಟ್ಲೆಟ್ ಅವರಿಗೆ 28. ಹೈಸ್ಕೂಲಿನ ದಿನಗಳಿಂದಲೂ ಗೆಳತಿಯರಾಗಿದ್ದ ಇವರಿಬ್ಬರೂ ಈಸಿ ಸ್ಟ್ರೀಟ್‌ನ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಹಿಡಿದು, ಅಲ್ಲಿಗೆ ಬಂದು ಕೆಲವೇ ತಿಂಗಳಾಗಿತ್ತು. ಸೂಸನ್ ಅದೇ ಬಡಾವಣೆಯ ಶಾಲೆಯಲ್ಲಿ ಶಿಕ್ಷಕಿ. ಸುಜಾನ್ ಅವರ ಹದಿನಾರು ತಿಂಗಳ ಗಂಡುಮಗುವೂ ಅವರೊಂದಿಗಿತ್ತು. ಜನವರಿ 10, ಸೋಮವಾರ ಸಂಜೆ ಸೂಸನ್ ಅವರ ಸಹೋದರ ತಮ್ಮ ಗೆಳತಿಯೊಂದಿಗೆ ಬಂದು, ಕೆಲಹೊತ್ತು ಇದ್ದು, ರಾತ್ರಿ ಒಂಬತ್ತರ ಸುಮಾರಿಗೆ ಹೊರಟುಹೋದರು. ಆ ರಾತ್ರಿಯೇ ಇಬ್ಬರೂ ಇರಿತಕ್ಕೆ ಬಲಿಯಾದರು. ಶವಗಳು ಪತ್ತೆಯಾದದ್ದು ಜನವರಿ 13, ಗುರುವಾರ. ಅಷ್ಟು ಹೊತ್ತೂ ಮಗು ತೊಟ್ಟಿಲಲ್ಲೇ ಇತ್ತು. ನೀರಿಲ್ಲದೆ ಬಳಲಿದ್ದರೂ ಅದರ ಮೈಮೇಲೆ ಒಂದು ಗಾಯವೂ ಇರಲಿಲ್ಲ.

ನನ್ನನ್ನು ಕಾಡುವ ಮೊದಲನೆಯ ಸಂಗತಿ ಆ ಮೂರು ದಿನಗಳು. ಗೋಡೆಗೆ ಗೋಡೆ ತಾಗಿರುವ ಮನೆಗಳ ಸಾಲಿನಲ್ಲಿ, ಹಿಂಬಾಗಿಲು ತೆರೆದೇ ಇರುವಾಗ, ಮಗುವೊಂದು ಒಳಗೆ ಅಳುತ್ತಿರುವಾಗ, ಮೂರು ದಿನ ಯಾರಿಗೂ ಗೊತ್ತಾಗದೆ ಹೋದದ್ದು ಹೇಗೆ? ಎರಡನೆಯದು, ಕೊಲೆಗಾರನ ದೇಹದ ಕುರುಹು ಪೊಲೀಸರ ಬಳಿ ಮೊದಲ ದಿನದಿಂದಲೂ ಇತ್ತು ಎನ್ನುತ್ತಾರೆ. ಹಾಗಿದ್ದರೆ 2024ರ ಸೆಪ್ಟೆಂಬರ್‌ವರೆಗೆ ಬಂಧನವಾಗದಿರಲು ಕಾರಣವೇನು? ಮತ್ತೆ, ಶಂಕಿತ ವ್ಯಕ್ತಿ ಗ್ರೀಸ್‌ನಲ್ಲಿದ್ದಾನೆಂದು ಗೊತ್ತಿದ್ದೂ ಏಕೆ ಕಾಯಬೇಕಾಯಿತು? ಕುತೂಹಲಕ್ಕಾಗಿ ಕೇಳುತ್ತಿಲ್ಲ. ಇಬ್ಬರು ಯುವತಿಯರ ಮನೆಯವರು ಒಂದು ಉತ್ತರಕ್ಕಾಗಿ ಅರ್ಧ ಶತಮಾನದಷ್ಟು ಕಾಲ ಕಾಯಬೇಕಾಯಿತೆಂದರೆ, ಆ ಕಾಲ ಎಲ್ಲಿ ಕಳೆದುಹೋಯಿತು ಎಂದು ತಿಳಿಯಲೇಬೇಕೆನಿಸುತ್ತದೆ.

ಉತ್ತರ 1 (ಮೆಲ್ಬರ್ನ್ ನಿವಾಸಿ)

ನಿಮ್ಮ ಮೊದಲ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಇಂದು ಕಾಲಿಂಗ್‌ವುಡ್‌ನಲ್ಲಿ ಮನೆ ಕೊಳ್ಳುವುದೆಂದರೆ ಸಿರಿವಂತರ ಮಾತು. ಆದರೆ 1977ರಲ್ಲಿ ಅದು ಕಾರ್ಮಿಕರ, ವಲಸಿಗರ, ಕಡಿಮೆ ಬಾಡಿಗೆಯ ಪ್ರದೇಶವಾಗಿತ್ತು. ನಗರದ ನಡುಭಾಗಕ್ಕೆ ಹತ್ತಿರವೆಂಬ ಕಾರಣಕ್ಕೆ ಯುವ ಶಿಕ್ಷಕರೂ ವಿದ್ಯಾರ್ಥಿಗಳೂ ಅಲ್ಲಿ ಮನೆ ಹುಡುಕುತ್ತಿದ್ದರು. ಇಕ್ಕಟ್ಟಾದ ಮುಂಭಾಗ, ಬೀದಿಗೆ ತಾಗಿದಂತಿರುವ ಮಲಗುವ ಕೋಣೆ, ಅದರ ಪಕ್ಕದಿಂದ ಒಳಕ್ಕೆ ಹೋಗುವ ಉದ್ದನೆಯ ಓಣಿ, ಕೊನೆಯಲ್ಲಿ ಅಡುಗೆಮನೆ, ಅದರಾಚೆ ಹಿತ್ತಲು, ಹಿತ್ತಲಿನಾಚೆ ಗಲ್ಲಿ: ಅಲ್ಲಿನ ಹಳೆಯ ಮನೆಗಳ ನಕ್ಷೆಯೇ ಹೀಗೆ. ಈ ನಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೂರು ದಿನಗಳ ಒಗಟು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಸುಜಾನ್ ಅವರ ದೇಹ ಮುಂದಿನ ಕೋಣೆಯಲ್ಲಿತ್ತು. ಸೂಸನ್ ಅವರದು ಮನೆಯೊಳಗಿನ ಓಣಿಯಲ್ಲಿ, ಮುಂಬಾಗಿಲಿನ ಹತ್ತಿರ. ಹಿಂದಿನಿಂದ ಅಡುಗೆಮನೆಯವರೆಗೆ ಬಂದು ಮರಳಿದವರಿಗೆ ಏನೂ ಕಾಣಿಸದಿರುವುದು ಸಾಧ್ಯವಿತ್ತು.

ನಡೆದದ್ದೂ ಹಾಗೆಯೇ. ಸುಜಾನ್ ಅವರಿಗೆ ಹೊಸದಾಗಿ ಪರಿಚಯವಾಗಿದ್ದ ಒಬ್ಬರು, ಅವರಿಂದ ಸುದ್ದಿಯಿಲ್ಲವೆಂದು ತಮ್ಮ ಸಹೋದರನೊಂದಿಗೆ ಬಂದು, ತೆರೆದಿದ್ದ ಹಿಂಬಾಗಿಲಿನಿಂದ ಒಳಹೊಕ್ಕು, ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಅಡುಗೆಮನೆಯ ಮೇಜಿನ ಮೇಲೆ ಒಂದು ಚೀಟಿ ಬರೆದಿಟ್ಟು ಹೋದರು. ಪಕ್ಕದ ಮನೆಯವರಿಗೆ ಈ ಮನೆಯ ನಾಯಿಮರಿ ಬೀದಿಯಲ್ಲಿ ಅಲೆಯುತ್ತಿದ್ದದ್ದು ಕಂಡಿತು. ಅವರು ಅದನ್ನು ತಮ್ಮಲ್ಲಿ ಇರಿಸಿಕೊಂಡು, ನಾಯಿ ನಮ್ಮಲ್ಲಿದೆ ಎಂದು ಮುಂಬಾಗಿಲಿಗೆ ಒಂದು ಚೀಟಿ ಸಿಕ್ಕಿಸಿದರು. ಮುಂದೊಂದು ಚೀಟಿ, ಹಿಂದೊಂದು ಚೀಟಿ; ಎರಡನ್ನೂ ಓದುವವರಿಲ್ಲ. ಕೊನೆಗೆ ಗುರುವಾರ ಮಗುವಿನ ನರಳಾಟ ಕೇಳಿ ಹಿಂಬಾಗಿಲಿನಿಂದ ಒಳಗೆ ಹೋದವರೂ ಆ ನೆರೆಯವರೇ.

ಇನ್ನೊಂದು ಕಾರಣವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಇಲ್ಲಿ ಜನವರಿ ಎಂದರೆ ಕಡುಬೇಸಿಗೆ, ಶಾಲೆಗಳಿಗೆ ದೀರ್ಘ ರಜೆ. ಶಾಲೆ ನಡೆಯುತ್ತಿದ್ದರೆ ಮಂಗಳವಾರ ಬೆಳಿಗ್ಗೆಯೇ ಸೂಸನ್ ಅವರ ತರಗತಿ ಖಾಲಿ ಕಾಣುತ್ತಿತ್ತು, ಯಾರಾದರೂ ವಿಚಾರಿಸುತ್ತಿದ್ದರು. ರಜೆಯಲ್ಲಿ ಕಾಣದವರನ್ನು ಎಲ್ಲಿಗೋ ಹೋಗಿರಬೇಕು ಎಂದುಕೊಳ್ಳುವುದೇ ವಾಡಿಕೆ. ಆದ್ದರಿಂದ ನೆರೆಯವರು ನಿರ್ದಯರಾಗಿದ್ದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಮಗು ಬದುಕಿ ಉಳಿದದ್ದು ಅವರು ಕಿವಿಗೊಟ್ಟಿದ್ದರಿಂದಲೇ.

ಉತ್ತರ 2 (ಕಾನೂನು ಅಭ್ಯಾಸಿ)

ಗ್ರೀಸ್‌ನ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ಅದಕ್ಕೆ ಮೊದಲು ಒಂದು ವಿನಂತಿ: ಆರೋಪಿಯ ಹೆಸರನ್ನೂ ಆತನ ಪೂರ್ವಾಪರದ ಬಗ್ಗೆ ಪತ್ರಿಕೆಗಳಲ್ಲಿ ಬಂದ ವರದಿಗಳನ್ನೂ ಇಲ್ಲಿ ಚರ್ಚಿಸುವುದು ಬೇಡ. ಬಂಧನವಾಗಿದೆ, ಆರೋಪ ಹೊರಿಸಲಾಗಿದೆ, ಅಷ್ಟೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಕೊಲೆಯ ವಿಚಾರಣೆಯನ್ನು ಜನಸಾಮಾನ್ಯರಿಂದ ಆಯ್ದ ಹನ್ನೆರಡು ಜ್ಯೂರಿ ಸದಸ್ಯರ ಮುಂದೆ ನಡೆಸುತ್ತಾರೆ. ಅವರು ನ್ಯಾಯಾಲಯದಲ್ಲಿ ಕೇಳಿದ್ದರ ಮೇಲೆ ಮಾತ್ರ ತೀರ್ಮಾನಿಸಬೇಕೆಂದು ಅಲ್ಲಿನ ಕಾನೂನು ಬಹಳ ಕಟ್ಟುನಿಟ್ಟಾಗಿ ಹೇಳುತ್ತದೆ, ಪೂರ್ವಗ್ರಹ ಮೂಡಿಸುವ ಬರಹವನ್ನು ನ್ಯಾಯಾಂಗ ನಿಂದನೆಯೆಂದು ಪರಿಗಣಿಸಬಹುದು. ಇಷ್ಟು ವರ್ಷ ಕಾದು ತಂದ ಪ್ರಕರಣ ಅಂಥ ಒಂದು ಕಾರಣಕ್ಕೆ ಕುಂಟುವಂತಾಗಬಾರದು.

ಈಗ ಕಾಲಮಿತಿಯ ವಿಷಯ. ವಿಕ್ಟೋರಿಯಾದಲ್ಲಿ ಕೊಲೆಗೆ ಕಾಲಮಿತಿ ಇಲ್ಲ. ಐವತ್ತು ವರ್ಷಗಳ ನಂತರವೂ ಮೊಕದ್ದಮೆ ಹೂಡಬಹುದು. ಗ್ರೀಸ್‌ನ ಪದ್ಧತಿ ಬೇರೆ. ಅಲ್ಲಿ ಕೊಲೆಯಂಥ ಘೋರ ಅಪರಾಧಕ್ಕೂ ಇಪ್ಪತ್ತು ವರ್ಷಗಳೊಳಗೆ ಮೊಕದ್ದಮೆ ಆರಂಭವಾಗಬೇಕು, ಇಲ್ಲವಾದರೆ ಆ ಬಾಗಿಲು ಮುಚ್ಚುತ್ತದೆ. 1977ರ ಕೊಲೆಗೆ ಆ ಅವಧಿ 1997ರಲ್ಲೇ ಮುಗಿದಿತ್ತು. ಒಂದು ದೇಶ ಆರೋಪಿಯನ್ನು ಇನ್ನೊಂದು ದೇಶಕ್ಕೆ ಒಪ್ಪಿಸುವ ಹಸ್ತಾಂತರ ಕಾನೂನಿನಲ್ಲಿ ಸಾಮಾನ್ಯವಾಗಿ, ಕೋರಿಕೆ ಸಲ್ಲಿಸಿದ ದೇಶದಲ್ಲಿ ಮಾತ್ರವಲ್ಲ, ವ್ಯಕ್ತಿ ಇರುವ ದೇಶದಲ್ಲಿಯೂ ಪ್ರಕರಣಕ್ಕೆ ಜೀವವಿದೆಯೇ ಎಂದು ನೋಡಲಾಗುತ್ತದೆ. ಶಂಕಿತ ವ್ಯಕ್ತಿ ಗ್ರೀಸ್ ಮತ್ತು ಆಸ್ಟ್ರೇಲಿಯಾ ಎರಡೂ ದೇಶಗಳ ಪೌರ. ಹೀಗಾಗಿ ಆತ ಗ್ರೀಸ್‌ನ ಗಡಿಯೊಳಗೆ ಇರುವವರೆಗೆ ವಿಕ್ಟೋರಿಯಾ ಪೊಲೀಸರು ವಾರಂಟ್ ಹಿಡಿದು ಕಾಯುವುದನ್ನು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ.

ಅವರು ಮಾಡಿದ್ದೂ ಅದನ್ನೇ. ಇಂಟರ್‌ಪೋಲ್‌ನ ರೆಡ್ ನೋಟಿಸ್ ಹೊರಡಿಸಲಾಯಿತು. ಈ ನೋಟಿಸ್ ತಾನೇ ಒಂದು ಅಂತರರಾಷ್ಟ್ರೀಯ ಬಂಧನ ವಾರಂಟ್ ಎಂಬುದು ತಪ್ಪು ಕಲ್ಪನೆ. ಇಂಥವರು ಇಂಥ ದೇಶಕ್ಕೆ ಬೇಕಾಗಿದ್ದಾರೆ, ಕಂಡರೆ ತಡೆದು ತಿಳಿಸಿ ಎಂದು ಸದಸ್ಯ ರಾಷ್ಟ್ರಗಳ ಪೊಲೀಸರಿಗೆ ಕಳಿಸುವ ಕೋರಿಕೆ ಅದು. ಬಂಧಿಸಬೇಕೇ ಬೇಡವೇ ಎಂಬುದನ್ನು ಆಯಾ ದೇಶದ ಕಾನೂನು ನಿರ್ಧರಿಸುತ್ತದೆ. 2024ರ ಸೆಪ್ಟೆಂಬರ್ 19ರಂದು ಆತ ಇಟಲಿಗೆ ಬಂದಾಗ ರೋಮ್‌ನ ಲಿಯೊನಾರ್ಡೊ ಡ ವಿಂಚಿ ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. ಅಲ್ಲಿಂದ ಹಸ್ತಾಂತರದ ಪ್ರಕ್ರಿಯೆ ಮುಗಿದು ಡಿಸೆಂಬರ್ ಆರಂಭದಲ್ಲಿ ಮೆಲ್ಬರ್ನ್‌ಗೆ ಕರೆತಂದರು. ಎರಡು ಕೊಲೆ ಮತ್ತು ಒಂದು ಅತ್ಯಾಚಾರದ ಆರೋಪಗಳು ಆತನ ಮೇಲಿವೆ.

ಅಪರಾಧಕ್ಕೆ ಕಾಲಮಿತಿ ಇರಬೇಕೆಂಬ ವಾದಕ್ಕೂ ತರ್ಕವಿದೆ: ಸಾಕ್ಷಿಗಳು ಸಾಯುತ್ತಾರೆ, ನೆನಪು ಮಸುಕಾಗುತ್ತದೆ, ಆ ರಾತ್ರಿ ತಾನು ಎಲ್ಲಿದ್ದೆ ಎಂದು ತೋರಿಸಲು ನಿರಪರಾಧಿಗೂ ಆಗದೆ ಹೋಗುತ್ತದೆ. ಆದರೂ ಕೊಲೆಯ ವಿಷಯದಲ್ಲಿ ಆ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಕಾಲ ಕಳೆದಂತೆ ಸಾಕ್ಷ್ಯ ದುರ್ಬಲವಾಗುವುದನ್ನು ತೂಗಿ ನೋಡಲು ನ್ಯಾಯಾಲಯವಿದೆ. ಅದಕ್ಕಾಗಿ ನ್ಯಾಯಾಲಯದ ಬಾಗಿಲನ್ನೇ ಮುಚ್ಚಬೇಕಾಗಿಲ್ಲ.

ಉತ್ತರ 3 (ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು)

ಕುರುಹು ಕೈಯಲ್ಲಿದ್ದೂ ಇಷ್ಟು ತಡವೇಕೆ ಎಂದು ಕೇಳಿದ್ದೀರಿ. ಕುರುಹು ಇರುವುದೇ ಒಂದು, ಅದು ಮಾತಾಡುವುದೇ ಒಂದು. 1977ರಲ್ಲಿ ಇಂಥ ಮಾದರಿಯಿಂದ ಪ್ರಯೋಗಾಲಯಗಳು ತಿಳಿಯಬಹುದಾಗಿದ್ದದ್ದು ಹೆಚ್ಚೆಂದರೆ ರಕ್ತದ ಗುಂಪು ಮತ್ತು ಕೆಲವು ಕಿಣ್ವಗಳ ಬಗೆ. ಸುಮಾರು ಶೇ. 80ರಷ್ಟು ಜನರಲ್ಲಿ ರಕ್ತದ ಗುಂಪಿನ ಅಂಶ ದೇಹದ ಇತರ ದ್ರವಗಳಲ್ಲಿಯೂ ಸ್ರವಿಸುತ್ತದೆ, ಉಳಿದವರಲ್ಲಿ ಅದೂ ಇಲ್ಲ. ಒಂದು ಊರಿನ ಗಂಡಸರಲ್ಲಿ ಮೂರನೆಯ ಒಂದು ಭಾಗವನ್ನೋ ಅರ್ಧದಷ್ಟನ್ನೋ ಪಟ್ಟಿಯಿಂದ ತೆಗೆದುಹಾಕಬಹುದಿತ್ತೇ ವಿನಾ ಇಂಥವನೇ ಎಂದು ಬೊಟ್ಟು ಮಾಡಲು ಆಗುತ್ತಿರಲಿಲ್ಲ. ಬೆರಳಚ್ಚಿನಂತೆ ವ್ಯಕ್ತಿಯನ್ನು ಗುರುತಿಸಬಲ್ಲ ಡಿಎನ್‌ಎ ವಿಧಾನವನ್ನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರಿಸ್ ಕಂಡುಕೊಂಡದ್ದು 1984ರಲ್ಲಿ, ಅಂದರೆ ಈ ಕೊಲೆಗಳಾಗಿ ಏಳು ವರ್ಷಗಳ ನಂತರ.

ಮೊದಮೊದಲ ವಿಧಾನಕ್ಕೆ ದೊಡ್ಡ ಪ್ರಮಾಣದ, ಕೆಡದ ಮಾದರಿ ಬೇಕಾಗುತ್ತಿತ್ತು. ಅತ್ಯಲ್ಪ ಡಿಎನ್‌ಎಯನ್ನೇ ಲಕ್ಷಾಂತರ ಪಟ್ಟು ಹೆಚ್ಚಿಸುವ ಪಿಸಿಆರ್ ತಂತ್ರ ಪ್ರಯೋಗಾಲಯಗಳಲ್ಲಿ ನೆಲೆಯೂರಿದ ಮೇಲೆ, ಅಂದರೆ 1990ರ ದಶಕದಲ್ಲಿ, ಹಳೆಯ ಕಡತಗಳಿಗೆ ಮತ್ತೆ ಜೀವ ಬಂತು. ಈಸಿ ಸ್ಟ್ರೀಟ್ ಪ್ರಕರಣದಲ್ಲಿಯೂ ಆ ದಶಕದ ಕೊನೆಯ ಹೊತ್ತಿಗೆ ಹಳೆಯ ಮಾದರಿಯಿಂದ ಅಪರಿಚಿತ ಪುರುಷನೊಬ್ಬನ ಡಿಎನ್‌ಎ ವಿವರ ಸಿಕ್ಕಿತು. ಅಲ್ಲಿಯವರೆಗೆ ಪೊಲೀಸರು ಯಾರನ್ನೆಲ್ಲ ಪ್ರಮುಖ ಶಂಕಿತರೆಂದು ಭಾವಿಸಿದ್ದರೋ ಅವರ ಮಾದರಿಗಳನ್ನು ಹೋಲಿಸಿದಾಗ ಒಂದೂ ತಾಳೆಯಾಗಲಿಲ್ಲ. ಇಪ್ಪತ್ತು ವರ್ಷ ಹಿಡಿದುಕೊಂಡಿದ್ದ ದಾರಿಯೇ ಬೇರೆಯದಾಗಿತ್ತು ಎಂದು ಆಗ ಗೊತ್ತಾಯಿತು.

ಇಲ್ಲಿ ನಾನು ತಲೆಬಾಗುವುದು 1977ರಲ್ಲಿ ಆ ಮಾದರಿಗಳನ್ನು ತೆಗೆದು, ಒಣಗಿಸಿ, ಲೇಬಲ್ ಅಂಟಿಸಿ ಎತ್ತಿಟ್ಟವರಿಗೆ. ಡಿಎನ್‌ಎ ಪರೀಕ್ಷೆ ಎಂಬುದೊಂದು ಬರಲಿದೆ ಎಂದು ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಒದ್ದೆಯಿರುವ ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿದು ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಚೆನ್ನಾಗಿ ಒಣಗಿಸಿ ಕಾಗದದ ಲಕೋಟೆಯಲ್ಲಿಟ್ಟು ತಂಪಾದ ಕಡೆ ಇರಿಸಿದರೆ ದಶಕಗಟ್ಟಲೆ ಉಳಿಯುತ್ತದೆ. ಯಾವ ವೀರಗಾಥೆಯೂ ಇಲ್ಲದ ಈ ಶಿಸ್ತಿನ ಕೆಲಸ ನಡೆಯದಿದ್ದರೆ ಮುಂದಿನ ಯಾವ ತನಿಖೆಗೂ ಆಧಾರವೇ ಇರುತ್ತಿರಲಿಲ್ಲ. ಆದರೆ ಅಪರಿಚಿತನ ಡಿಎನ್‌ಎ ವಿವರ ಸಿಕ್ಕಿತೆಂದರೆ ಅರ್ಧ ಕೆಲಸ ಮಾತ್ರ ಆದಂತೆ. ಹೋಲಿಸಲು ಇನ್ನೊಂದು ಮಾದರಿ ಬೇಕು, ಅದನ್ನು ಯಾರಿಂದ ಪಡೆಯಬೇಕೆಂದು ಹಳೆಯ ಕಡತವೇ ಹೇಳಬೇಕು. 2017ರಲ್ಲಿ, ನಲವತ್ತು ವರ್ಷ ತುಂಬಿದಾಗ, ವಿಕ್ಟೋರಿಯಾ ಪೊಲೀಸರು ಮಾಹಿತಿ ಕೊಟ್ಟವರಿಗೆ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ಬಹುಮಾನ ಘೋಷಿಸಿದ್ದಲ್ಲದೆ, ಕಡತದಲ್ಲಿ ಹೆಸರು ಬಂದಿದ್ದ ನೂರಕ್ಕೂ ಹೆಚ್ಚು ಜನರನ್ನು ಒಬ್ಬೊಬ್ಬರಾಗಿ ಮತ್ತೆ ಪರಿಶೀಲಿಸಲು ಹೊರಟರು. ತನಿಖೆ ತಿರುವು ಪಡೆದದ್ದು ಈ ಬೇಸರದ, ಪಟ್ಟಿ ಹಿಡಿದು ಮನೆ ಮನೆಗೆ ಹೋಗುವ ಕೆಲಸದಿಂದ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಮುಂಬಾಗಿಲಿನ ಚೀಟಿಯ ವಿಷಯ ಓದಿದ ಮೇಲೆ ನನ್ನ ಪ್ರಶ್ನೆಯಲ್ಲಿದ್ದ ಆಕ್ಷೇಪದ ಧ್ವನಿ ನೆರೆಯವರಿಗೆ ಸಲ್ಲತಕ್ಕದ್ದಲ್ಲ ಎನಿಸಿತು.

ಪ್ರಯೋಗಾಲಯದ ಅನುಭವವಿರುವವರಲ್ಲಿ ಇನ್ನೂ ಒಂದು ಮಾತು ಕೇಳಬೇಕಾಗಿದೆ. ಪ್ರಮುಖ ಶಂಕಿತರೆಲ್ಲರೂ ಡಿಎನ್‌ಎ ಪರೀಕ್ಷೆಯಿಂದ ಹೊರಬಿದ್ದರು ಎಂದಿರಿ. ಅಂದರೆ ಅಷ್ಟು ಜನ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೊಲೆಗಾರರಿರಬಹುದೆಂಬ ಗುಮಾನಿಯನ್ನು ಹೊತ್ತು ಬದುಕಿದರು. ಅಡುಗೆಮನೆಯಲ್ಲಿ ಚೀಟಿ ಬಿಟ್ಟುಹೋದ ಸಹೋದರರನ್ನೂ ಜನ ಹಾಗೆಯೇ ನೋಡಿರಬೇಕು. ಇದರ ಜೊತೆಗೆ, ಇಷ್ಟು ಹಳೆಯ ಮಾದರಿ ತಾಳೆಯಾದರೆ ಅದೊಂದರಿಂದಲೇ ಅಪರಾಧ ಸಾಬೀತಾಯಿತೆಂದು ಹೇಳಬಹುದೇ?

ಉತ್ತರ 4

ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ಗುಮಾನಿಯ ವಿಷಯಕ್ಕೆ ನನ್ನದೂ ಒಂದು ಮಾತಿದೆ. ಕೊಲೆಯಾದ ರಾತ್ರಿ ಪಕ್ಕದ ಮನೆಯಲ್ಲಿ ಅತಿಥಿಯಾಗಿ ತಂಗಿದ್ದ ಅಪರಾಧ ವರದಿಗಾರರೊಬ್ಬರ ಮೇಲೆಯೂ ವರ್ಷಗಟ್ಟಲೆ ಸಂಶಯವಿತ್ತು. ಡಿಎನ್‌ಎ ಅವರನ್ನು ಪಾರುಮಾಡಿತು. ಗೋಡೆಯಾಚೆ ಮಲಗಿದ್ದದ್ದೇ ಅವರ ತಪ್ಪಾಗಿಬಿಟ್ಟಿತ್ತು.

ಸಂಶಯಕ್ಕಿಂತ ನನ್ನನ್ನು ಹೆಚ್ಚು ನೋಯಿಸುವುದು ಆ ಕಾಲದ ಕೆಲವು ಪತ್ರಿಕೆಗಳು ಸುಜಾನ್ ಮತ್ತು ಸೂಸನ್ ಅವರ ಬಗ್ಗೆ ಬರೆದ ರೀತಿ. ಮನೆಗೆ ಯಾರು ಬರುತ್ತಿದ್ದರು, ಎಷ್ಟು ಜನ ಗೆಳೆಯರಿದ್ದರು, ಮದುವೆಯಾಗದೆ ಮಗುವನ್ನು ಸಾಕುತ್ತಿದ್ದವರ ನಡತೆ ಎಂಥದು ಎಂಬುದರ ಸುತ್ತಲೇ ವರದಿಗಳು ಗಿರಕಿ ಹೊಡೆದವು. ಓದುವವರಿಗೆ ಅದರಿಂದ ಸಿಕ್ಕಿದ ಸೂಚನೆ ಸ್ಪಷ್ಟ: ತಪ್ಪು ಎಲ್ಲೋ ಆ ಹೆಣ್ಣುಮಕ್ಕಳ ಬದುಕಿನಲ್ಲೇ ಇದೆ. ತನಿಖೆಗೂ ಇದರಿಂದ ನಷ್ಟವಾಯಿತೆಂದೇ ನಾನು ನಂಬುತ್ತೇನೆ. ಕೊಲೆಗಾರ ಅವರ ಪರಿಚಯದವನೇ ಇರಬೇಕೆಂದು ಎಲ್ಲರ ಕಣ್ಣೂ ಒಂದೇ ಕಡೆ ನೆಟ್ಟಾಗ, ಅವರ ಬದುಕಿಗೆ ಸಂಬಂಧವೇ ಇಲ್ಲದವನು ಬೀದಿಯಿಂದ ಬಂದಿರಬಹುದೆಂಬ ಸಾಧ್ಯತೆ ಹಿಂದೆ ಸರಿಯುತ್ತದೆ.

ಉತ್ತರ 3 (ಮುಂದುವರಿಕೆ)

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಡಿಎನ್‌ಎ ತಂತ್ರ ಅಪರಾಧ ತನಿಖೆಯಲ್ಲಿ ಮಾಡಿದ ಮೊದಲ ದೊಡ್ಡ ಕೆಲಸವೇ ಒಬ್ಬ ನಿರಪರಾಧಿಯನ್ನು ಬಿಡಿಸಿದ್ದು. ಲೆಸ್ಟರ್ ಬಳಿ 1983 ಮತ್ತು 1986ರಲ್ಲಿ ಇಬ್ಬರು ಬಾಲಕಿಯರ ಕೊಲೆಯಾಗಿ, ಹದಿಹರೆಯದ ಹುಡುಗನೊಬ್ಬ ಎರಡನೆಯ ಕೊಲೆಯನ್ನು ತಾನೇ ಮಾಡಿದೆನೆಂದು ಪೊಲೀಸರೆದುರು ಒಪ್ಪಿಕೊಂಡಿದ್ದ. ಜೆಫ್ರಿಸ್ ಪರೀಕ್ಷಿಸಿದಾಗ ಎರಡೂ ಕೊಲೆಗಳನ್ನು ಮಾಡಿದವನು ಒಬ್ಬನೇ, ಅವನು ಈ ಹುಡುಗನಲ್ಲ ಎಂದು ತಿಳಿಯಿತು. ನಂತರ ಸುತ್ತಲಿನ ಸಾವಿರಾರು ಪುರುಷರಿಂದ ಮಾದರಿ ಸಂಗ್ರಹಿಸಿ, 1987ರಲ್ಲಿ ನಿಜವಾದ ಕೊಲೆಗಾರನನ್ನು ಹಿಡಿಯಲಾಯಿತು.

ತಾಳೆಯೊಂದೇ ಸಾಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಸಾಲದು. ಇದಕ್ಕೆ ಉದಾಹರಣೆ ವಿಕ್ಟೋರಿಯಾದಲ್ಲಿಯೇ ಇದೆ. 2008ರಲ್ಲಿ ಅಲ್ಲಿ ಯುವಕನೊಬ್ಬನಿಗೆ ಅತ್ಯಾಚಾರದ ಆರೋಪದ ಮೇಲೆ ಶಿಕ್ಷೆಯಾಯಿತು. ಆತನನ್ನು ಸ್ಥಳದಲ್ಲಿ ಕಂಡವರಿಲ್ಲ, ಆತ ಅಲ್ಲಿದ್ದನೆಂಬುದಕ್ಕೆ ಬೇರೆ ಯಾವ ಸಾಕ್ಷ್ಯವೂ ಇಲ್ಲ. ಇದ್ದದ್ದು ಒಂದು ಸ್ವಾಬ್‌ನಲ್ಲಿ (ದೇಹದಿಂದ ಮಾದರಿ ಒರೆಸಿ ತೆಗೆಯುವ ಹತ್ತಿಯ ಕಡ್ಡಿಯಲ್ಲಿ) ಸಿಕ್ಕ ಡಿಎನ್‌ಎ ಮಾತ್ರ. ನಂತರ ತಿಳಿದುಬಂದ ಸಂಗತಿಯೆಂದರೆ, ಆ ಸ್ವಾಬ್ ತೆಗೆದ ವೈದ್ಯಕೀಯ ಕೋಣೆಯಲ್ಲೇ ಸುಮಾರು ಒಂದು ದಿನ ಮೊದಲು ಬೇರೊಬ್ಬ ಮಹಿಳೆಯ ಪರೀಕ್ಷೆ ನಡೆದಿತ್ತು, ಆ ಯುವಕನ ಡಿಎನ್‌ಎ ಅಲ್ಲಿಗೆ ಬಂದದ್ದು ಆ ಹಿಂದಿನ ಪರೀಕ್ಷೆಯಿಂದ. 2009ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು. ನಿವೃತ್ತ ನ್ಯಾಯಮೂರ್ತಿ ಫ್ರಾಂಕ್ ವಿನ್ಸೆಂಟ್ ವಿಚಾರಣೆ ನಡೆಸಿ 2010ರಲ್ಲಿ ಕೊಟ್ಟ ವರದಿಯಲ್ಲಿ, ಡಿಎನ್‌ಎ ಎಂದ ಕೂಡಲೇ ಪೊಲೀಸರು, ವಕೀಲರು, ನ್ಯಾಯಾಲಯ ಎಲ್ಲರೂ ಬೇರೆ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದ್ದರು ಎಂಬ ಅಂಶ ಎದ್ದು ಕಾಣುತ್ತದೆ. ಪ್ರಯೋಗಾಲಯದ ಯಂತ್ರ ತಪ್ಪು ಮಾಡಿರಲಿಲ್ಲ. ಆ ಡಿಎನ್‌ಎ ಆತನದೇ. ಅದು ಆ ಸ್ವಾಬ್‌ಗೆ ಹೇಗೆ ಬಂತೆಂದು ಮಾತ್ರ ಯಾರೂ ಕೇಳಲಿಲ್ಲ.

ಈಸಿ ಸ್ಟ್ರೀಟ್ ಮೊಕದ್ದಮೆಯಲ್ಲಿಯೂ ಎರಡೂ ಕಡೆಯ ವಕೀಲರು ಹೆಚ್ಚು ಹೊತ್ತು ಕಳೆಯುವುದು ಇಂಥ ವಿವರಗಳ ಮೇಲೆಯೇ ಎಂದು ನನ್ನ ಎಣಿಕೆ. ಮಾದರಿಯನ್ನು 1977ರಲ್ಲಿ ತೆಗೆದವರು ಯಾರು, ಅದು ಯಾವ ಯಾವ ಕೈಗಳನ್ನು ದಾಟಿತು, ಪ್ರತಿ ಸಲ ಲಕೋಟೆ ತೆರೆದಾಗ ಸಹಿ ಮಾಡಿದವರಾರು, ಅದೇ ಮೇಜಿನ ಮೇಲೆ ಅದೇ ದಿನ ಬೇರೆ ಯಾವ ಪ್ರಕರಣದ ವಸ್ತುಗಳಿದ್ದವು ಎಂದೆಲ್ಲ ಪಾಟೀಸವಾಲು ನಡೆಯುತ್ತದೆ. ಮಾದರಿ ತೆಗೆದವರಲ್ಲಿ ಕೆಲವರು ಈಗ ಬದುಕಿಲ್ಲದಿರಬಹುದು. ಅಂಥ ಕಡೆ ಅವರ ಕೈಬರಹದ ದಾಖಲೆಯೇ ಅವರ ಪರವಾಗಿ ನಿಲ್ಲಬೇಕು. ದೇಹದೊಳಗಿನಿಂದ ತೆಗೆದ ಮಾದರಿಗೂ ಕೋಣೆಯ ವಸ್ತುವೊಂದರ ಮೇಲಿನ ಕಲೆಗೂ ಸಾಕ್ಷ್ಯದ ತೂಕದಲ್ಲಿ ಬಹಳ ವ್ಯತ್ಯಾಸವಿದೆ, ಎರಡನೆಯದಕ್ಕೆ ನಿರ್ದೋಷವಾದ ವಿವರಣೆ ಇರುವ ಸಾಧ್ಯತೆ ಹೆಚ್ಚು. ವಿಚಾರಣೆಯ ವರದಿಗಳನ್ನು ಓದುವಾಗ ‘ಡಿಎನ್‌ಎ ಹೊಂದಿಕೆಯಾಯಿತು’ ಎಂಬ ಸಾಲಿಗೆ ನಿಲ್ಲದೆ, ಯಾವ ವಸ್ತುವಿನ ಮೇಲಿನದು, ಯಾವ ವರ್ಷ ಪರೀಕ್ಷಿಸಿದ್ದು, ಜೊತೆಗೆ ಇನ್ನಾವ ಸಾಕ್ಷ್ಯವಿದೆ ಎಂಬುದನ್ನೂ ಹುಡುಕಿ ಓದಿ.

ಉತ್ತರ 1 (ಮೆಲ್ಬರ್ನ್ ನಿವಾಸಿ)

ಬಹುಮಾನದ ಬಗ್ಗೆ ಒಂದು ಸೇರ್ಪಡೆ. ಇಲ್ಲಿ ಅಂಥ ಘೋಷಣೆಯ ಜೊತೆಗೆ, ಮುಖ್ಯ ಅಪರಾಧಿಯಲ್ಲದ ವ್ಯಕ್ತಿ ಮಾಹಿತಿ ನೀಡಿದರೆ ಆತನನ್ನು ಮೊಕದ್ದಮೆಯಿಂದ ಬಿಡುವ ಬಗ್ಗೆ ಸಾರ್ವಜನಿಕ ಅಭಿಯೋಜನೆಯ ನಿರ್ದೇಶಕರು ಪರಿಶೀಲಿಸಬಹುದೆಂಬ ಮಾತೂ ಸಾಮಾನ್ಯವಾಗಿ ಇರುತ್ತದೆ. ಹಳೆಯ ಪ್ರಕರಣಗಳಲ್ಲಿ ಇದಕ್ಕೆ ಅರ್ಥವಿದೆ. ಕೊಲೆ ಮಾಡಿದವನು ಆ ಮನೆಯ ಬಚ್ಚಲಿನಲ್ಲಿ ರಕ್ತ ತೊಳೆದುಕೊಂಡು ಹೋಗಿದ್ದನೆಂಬುದು ಆಗಲೇ ಪೊಲೀಸರಿಗೆ ಕಂಡಿತ್ತು; ಆದರೂ ಬಟ್ಟೆಯ ಮೇಲೆ ಕಲೆ ಉಳಿದಿರಬೇಕು, ಎಲ್ಲೋ ಒಂದು ಮನೆಗೆ ಆತ ಮರಳಿರಬೇಕು, ಅಲ್ಲಿ ಯಾರಾದರೂ ಬಾಗಿಲು ತೆರೆದಿರಬೇಕು. ಹಾಗೆ ಏನನ್ನಾದರೂ ಕಂಡು ಅಂದು ಹೆದರಿ ಸುಮ್ಮನಾದವರು ಇದ್ದರೆ, ಅವರಿಗೆ ಈಗ ಎಪ್ಪತ್ತೋ ಎಂಬತ್ತೋ ವರ್ಷವಾಗಿರುತ್ತದೆ. ಬಂಧನವಾಯಿತೆಂದು ಅವರ ಮಾತಿನ ಬೆಲೆ ಕಡಿಮೆಯಾಗಿಲ್ಲ. ಮೇಲೆ ಹೇಳಿದ ‘ಇನ್ನಾವ ಸಾಕ್ಷ್ಯ’ ಎಂಬ ಪ್ರಶ್ನೆಗೆ ಉತ್ತರ ಅಂಥವರಿಂದ ಬರಲು ಈಗಲೂ ಸಾಧ್ಯವಿದೆ.